ಮೂರು ಚುಕ್ಕಿ, ಒಂದು ಗೆರೆ

ಆ ಮಂಗಳವಾರ ನಮ್ಮ ಯಜಮಾನರು ಒಂದು ಸೀರೆಯ ಜೊತೆ ಜಗಳಕ್ಕೆ ಬಿದ್ದಿದ್ದರು. ಮೂರನೇ ಕ್ರಾಸಿನ ಟೀಚರಮ್ಮನ ಸೀರೆ. ಎಷ್ಟು ತೀಡಿದರೂ ಸೆರಗಿನ ಸುಕ್ಕು ಹೋಗುತ್ತಿರಲಿಲ್ಲ.

"ಏನಮ್ಮಾ, ಮದ್ವೆ ಮನೇಲಿ ಕೂತೂ ಕೂತೂ ಸೊಂಟ ಹಿಡ್ಕೊಂಡಿದ್ಯಾ? ಸ್ವಲ್ಪ ನೆಟ್ಟಗೆ ಮಲಕ್ಕೋ" ಎಂದು ಸೀರೆಗೆ ಹೇಳಿದರು.

"ಹೆಂಡ್ತಿ ಸೊಂಟ ಹೆಂಗಿದೆ ಅಂತ ಒಂದಿನ ಕೇಳಿದ್ದುಂಟಾ?" ಅಂದೆ.

"ನಿನ್ನ ಸೊಂಟಕ್ಕೆ ಇಸ್ತ್ರಿ ಹಾಕಕ್ಕಾಗಲ್ಲ ಕಣೇ. ಇದ್ದಿಲು ಸಾಲಲ್ಲ."

ಹೆಸರು ಕಿಟ್ಟಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಹೇಳಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ.

ಆರ್‌ಪಿಸಿ ಲೇಔಟಿನ ಒಂದು ಹೊಂಗೆ ಮರದ ಕೆಳಗೆ ಮೂವತ್ತೊಂದು ವರ್ಷ ಇಸ್ತ್ರಿ ಗಾಡಿ ನಿಲ್ಲಿಸಿದವರು. ಮನುಷ್ಯರ ಜೊತೆ ಮಾತು ಕಮ್ಮಿ, ಬಟ್ಟೆಯ ಜೊತೆ ಜಾಸ್ತಿ. ಪೊಲೀಸಿನವರ ಶರಟಿಗೆ "ಸಾರ್" ಅನ್ನುತ್ತಿದ್ದರು. ಶಾಲೆ ಮಕ್ಕಳ ಲಂಗಕ್ಕೆ "ಮರೀ" ಅನ್ನುತ್ತಿದ್ದರು. ಅವತ್ತು ಮಧ್ಯಾಹ್ನ ಚಿತ್ರಾನ್ನ ತಿಂದರು, ಉಪ್ಪು ಕಮ್ಮಿ ಅಂದರು, ಗಾಡಿ ಕೆಳಗೆ ಗೋಣಿಚೀಲ ಹಾಸಿ ಒಂದು ಗಂಟೆ ಮಲಗಿದರು. ಸಂಜೆ ಗಂಟು ಹೊತ್ತು ಮನೆಮನೆಗೆ ಕೊಟ್ಟು ಬಂದರು. ಅಷ್ಟೇ. ಬೇರೇನೂ ನಡೆಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇದ್ದಿಲು ಕೆಂಪಾಗಿತ್ತು. ಇಸ್ತ್ರಿ ಪೆಟ್ಟಿಗೆ ಎತ್ತಲು ಹೋದರು. ಬಲಗೈ ಬರಲಿಲ್ಲ. ಆ ಸೀರೆಯನ್ನು ನೋಡಿದ ಹಾಗೆಯೇ ಕೈಯನ್ನು ನೋಡಿದರು.

"ಬಾರೋ" ಅಂದರು ಕೈಗೆ. ಆಮೇಲೆ ಬಾಯಿ ಒಂದು ಕಡೆ ಎಳೆದುಕೊಂಡಿತು.

ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಬಲಗೈ, ಬಲಗಾಲು ಬಿದ್ದಿದ್ದವು. ಮಾತೂ ಹೋಗಿತ್ತು. ಒಂದೇ ಒಂದು ಮಾತು ಉಳಿದಿತ್ತು, "ಬೇಡ". ಊಟ ಮಾಡ್ತೀರಾ ಅಂದರೆ "ಬೇಡ" ಅಂದು ಬಾಯಿ ತೆರೆಯುತ್ತಿದ್ದರು. ನೀರು ಅಂದರೆ "ಬೇಡ" ಅಂದು ಲೋಟ ಕಿತ್ತುಕೊಳ್ಳುತ್ತಿದ್ದರು.

ಎರಡು ತಿಂಗಳು, ಕೆಲಸ ಗೊತ್ತಿರುವವರ ಕೈಯಲ್ಲಿ ವ್ಯಾಯಾಮ ಆಗಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದರು ಡಾಕ್ಟರು. ನಮ್ಮದು ಎರಡನೇ ಮಹಡಿ. ಆ ಮೆಟ್ಟಿಲಲ್ಲಿ ಗ್ಯಾಸ್ ಸಿಲಿಂಡರ್ ತರುವವನೇ ದೇವರ ಹೆಸರು ಹೇಳಿಕೊಂಡು ಹತ್ತುತ್ತಾನೆ. ನನ್ನ ಮಗಳು ಚೇತನಾ ವಿಜಯನಗರದ ಮೆಡಿಕಲ್ ಸ್ಟೋರಿಗೆ ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಾಳೆ. ನಾನು ಗಾಡಿ ನಿಲ್ಲಿಸಿದರೆ ಆ ಮರದ ನೆರಳಿಗೆ ಬೇರೆಯವರು ಬರುತ್ತಾರೆ. ಇಂಥವರನ್ನು ನೋಡಿಕೊಳ್ಳುವ ಮನೆ ಹುಡುಕಲೇಬೇಕಾಯಿತು.

ಚೇತನಾ ಫೋನಿನಲ್ಲಿ ಹುಡುಕಿದಳು. "ಅಮ್ಮಾ, ಇದಕ್ಕೆ ನಾಲ್ಕೂವರೆ ಸ್ಟಾರ್ ಇದೆ."

"ಇನ್ನರ್ಧ ಯಾರು ಕಿತ್ಕೊಂಡ್ರು?"

"ತಮಾಷೆ ಮಾಡ್ಬೇಡ. ಹೋಗಿ ನೋಡೋಣ ಬಾ."

ಆ ಮನೆಯಲ್ಲಿ ಬಾಗಿಲಲ್ಲೇ ಗಾಜಿನ ತೊಟ್ಟಿಯಲ್ಲಿ ಮೀನು ಇದ್ದವು. ಚೆನ್ನಾಗಿದ್ದವು. ಮೀನಿನ ನೀರು ವಾರಕ್ಕೆರಡು ಸಲ ಬದಲಾಯಿಸುತ್ತೇವೆ ಎಂದಳು ಅಲ್ಲಿದ್ದ ಹುಡುಗಿ.

"ಮುದುಕ್ರ ಬೆಡ್‌ಶೀಟು?" ಅಂದೆ.

ಮ್ಯಾನೇಜರನ್ನು ಕರೆಯುತ್ತೇನೆ ಎಂದು ಒಳಗೆ ಹೋದವಳು ಬರಲೇ ಇಲ್ಲ. ನಾವು ಮೀನು ನೋಡಿಕೊಂಡು ಬಂದೆವು.

ಎರಡನೆಯದು ಚಂದ್ರಾ ಲೇಔಟಿನಲ್ಲಿ. ಮೀನು ಇರಲಿಲ್ಲ. ಮ್ಯಾನೇಜರ್ ಮಹದೇವ್ ಅಂತ. ವ್ಯಾಯಾಮದ ರೂಮು, ಟೀವಿ, ಗೋಡೆಯ ಮೇಲಿನ ಸರ್ಟಿಫಿಕೇಟು ಎಲ್ಲ ತೋರಿಸಿದ.

"ಬಟ್ಟೆ ಒಣ ಹಾಕೋದು ಎಲ್ಲಪ್ಪಾ?" ಅಂದೆ.

"ಟೆರೇಸಲ್ಲಿ. ಯಾಕಮ್ಮಾ?"

"ತೋರ್ಸಿ."

ಟೆರೇಸಿನಲ್ಲಿ ಆರು ಸಾಲು ಹಗ್ಗ. ಬೆಡ್‌ಶೀಟು ಎಲ್ಲ ಜಗ್ಗಿ ಎಳೆದು, ಕ್ಲಿಪ್ಪು ಹಾಕಿ, ಬಿಸಿಲಿಗೆ ಸರಿಯಾಗಿ ಹರವಿದ್ದರು. ಒಂದನ್ನು ಹಿಡಿದು ಮೂಸಿದೆ. ಮಹದೇವ್ ಚೇತನಾಳ ಮುಖ ನೋಡಿದ. ಅವಳು ಆಕಾಶ ನೋಡಿದಳು. ಫಿನಾಯಿಲ್ ಹಾಕಿ ಏನನ್ನು ಬೇಕಾದರೂ ಮುಚ್ಚಬಹುದು. ಬಿಸಿಲು ಕಾಣದ ಬಟ್ಟೆಯ ಮುಗ್ಗಲು ಮುಚ್ಚಲು ಆಗುವುದಿಲ್ಲ. ಆ ಬಟ್ಟೆ ಬಿಸಿಲು ಕಂಡಿತ್ತು. ಕೆಳಗೆ ಬಂದು ಒಬ್ಬ ಅಜ್ಜಿಯ ಕೈ ಹಿಡಿದು ಮಾತಾಡಿಸಿದ ಹಾಗೆ ಮಾಡಿ ಉಗುರು ನೋಡಿದೆ. ಕತ್ತರಿಸಿದ್ದರು. ಹೊದಿಕೆ ಸರಿಸಿ ಹಿಮ್ಮಡಿ ನೋಡಿದೆ. ಹುಣ್ಣಿರಲಿಲ್ಲ. ಅಜ್ಜಿ "ನೀನ್ಯಾರೇ ಸೊಸೆನಾ?" ಅಂದರು. ಹೂಂ ಅಂದೆ.

"ಹದಿನೈದು ದಿನ ನೋಡ್ತೀನಿ" ಅಂದೆ ಮಹದೇವ್‌ಗೆ. "ಸರಿ ಬರ್ಲಿಲ್ಲ ಅಂದ್ರೆ ಎತ್ಕೊಂಡು ಹೋಗ್ತೀನಿ."

"ಒಬ್ಬರೇ ಎತ್ಕೊಂಡಾ?"

"ಇವ್ರಿಗಿಂತ ದೊಡ್ಡ ಗಂಟು ಹೊತ್ತಿದೀನಿ."

ಬಾಯಲ್ಲಿ ಹಾಗೆ ಅಂದೆ. ಅವರನ್ನು ಅಲ್ಲಿ ಬಿಟ್ಟು ಬಂದ ಸಂಜೆ ಮನೆಯಲ್ಲಿ ಎರಡು ತಟ್ಟೆ ಹಾಕಿ ಒಂದನ್ನು ಎತ್ತಿಟ್ಟೆ. ಮಾತು ಬಾರದವರನ್ನು ಬಿಟ್ಟು ಬಂದಿದ್ದೆ. ಹೊಡೆದರೂ ಹೇಳಲಾರರು. ಒದ್ದೆಯಲ್ಲಿ ಮಲಗಿಸಿದರೂ ಹೇಳಲಾರರು. ಕೇಳಿದರೆ ಬರುವುದು "ಬೇಡ" ಒಂದೇ. ನಾನು ಹೋಗುವುದು ಸಂಜೆ ನಾಲ್ಕಕ್ಕೆ. ಉಳಿದ ಹೊತ್ತು ಏನು ನಡೆಯುತ್ತದೆ ಎಂದು ಗೊತ್ತಾಗುವುದು ಹೇಗೆ?

ಅದಕ್ಕೊಂದು ಉಪಾಯ ಮಾಡಿದೆ. ನಮ್ಮ ಮಾವನವರ ಕಾಲದಲ್ಲಿ ಮನೆಮನೆಯ ಬಟ್ಟೆ ತಂದು ಒಗೆದು ಕೊಡುತ್ತಿದ್ದರು. ನಲವತ್ತು ಮನೆಯ ಬಟ್ಟೆ ಬೆರೆಯಬಾರದು ಎಂದು ಒಂದೊಂದು ಮನೆಗೆ ಒಂದೊಂದು ಗುರುತು. ತೊಳೆದರೂ ಹೋಗದ ಕಪ್ಪಿನಲ್ಲಿ ಬಟ್ಟೆಯ ಮೂಲೆಗೆ ಹಾಕುತ್ತಿದ್ದರು. ಒಬ್ಬರಿಗೆ ಎರಡು ಗೆರೆ, ಒಬ್ಬರಿಗೆ ಸೊನ್ನೆ, ಒಬ್ಬರಿಗೆ ಕೊಕ್ಕೆ. ನಮ್ಮ ಸ್ವಂತ ಬಟ್ಟೆಗೆ ಮೂರು ಚುಕ್ಕಿ, ಕೆಳಗೆ ಒಂದು ಗೆರೆ. ನಮ್ಮ ಯಜಮಾನರು ಓದಿದ್ದು ಅದೊಂದೇ ಅಕ್ಷರಮಾಲೆ.

ಆ ಮನೆಯ ಬೆಡ್‌ಶೀಟು ಎಲ್ಲ ಒಂದೇ ಥರ, ಬಿಳಿ ಬಟ್ಟೆ, ನೀಲಿ ಅಂಚು. ಮೂರನೇ ದಿನ ಯಾರೂ ಇಲ್ಲದಾಗ ಚೇತನಾಳ, ತೊಳೆದರೂ ಹೋಗದ ಮಾರ್ಕರ್ ಪೆನ್ನು ತೆಗೆದು ಬಲಗಡೆಯ ಮೂಲೆಗೆ ಗುರುತು ಹಾಕಿದೆ. ನಾಳೆ ಬಂದಾಗ ಈ ಗುರುತು ಕಾಣಬಾರದು. ಕಂಡರೆ ಬಟ್ಟೆ ಬದಲಾಯಿಸಿಲ್ಲ ಎಂದೇ ಅರ್ಥ. ಬೇರೆ ಯಾವ ಗುರುತು ಬೇಕಾದರೂ ಹಾಕಬಹುದಿತ್ತು. ಕೈಗೆ ಬಂದದ್ದು ಮೂರು ಚುಕ್ಕಿ, ಒಂದು ಗೆರೆ.

ಮಾರನೇ ದಿನ ಹೋದೆ. ಗುರುತು ಅಲ್ಲೇ ಇತ್ತು. ಇರಲಿ, ಒಂದು ದಿನ ಅಂದುಕೊಂಡೆ. ಅದರ ಮಾರನೇ ದಿನವೂ ಇತ್ತು. ಮೂರನೇ ದಿನವೂ. ನಾಲ್ಕನೇ ದಿನ ಮಧ್ಯಾಹ್ನವೇ ಗಾಡಿ ಮುಚ್ಚಿ, ಆಟೋ ಕರೆದುಕೊಂಡು ಹೋದೆ. ಬಾಗಿಲಲ್ಲಿ ಆಟೋ ನಿಲ್ಲಿಸಿ ಒಳಗೆ ಹೋಗಿ ನೋಡಿದೆ. ಮೂರು ಚುಕ್ಕಿ, ಒಂದು ಗೆರೆ. ಅವರ ಪಂಚೆ, ಬನಿಯನ್ನು ಚೀಲಕ್ಕೆ ತುಂಬಲು ಶುರು ಮಾಡಿದೆ.

"ಬೇಡ" ಅಂದರು ಯಜಮಾನರು.

"ಸುಮ್ನಿರಿ. ನಿಮ್ಮ ಬೇಡ ನಂಗೊತ್ತು."

ಅವರನ್ನು ನೋಡಿಕೊಳ್ಳುವ ಆಯಾ ವೆಂಕಟಲಕ್ಷ್ಮಮ್ಮ ಓಡಿ ಬಂದರು. ನನ್ನ ವಯಸ್ಸಿನವರು. ದಿನಾ ಕೆಂಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಟಲು ಬಸ್ಸಿನ ಹಾರನ್ನಿಗಿಂತ ಜೋರು.

"ಏನ್ರೀ ಅಮ್ಮಾ, ಎಲ್ಲಿಗೆ ಹೊರಡ್ಸಿದೀರಿ?"

"ಮನೆಗೆ! ನಾಲ್ಕು ದಿನದಿಂದ ಒಂದೇ ಬಟ್ಟೆ ಮೇಲೆ ಮಲಗ್ಸಿದೀರಲ್ರೀ, ನಿಮ್ಮನೇಲಿ ಹಿಂಗೇ ಮಲಗ್ತೀರಾ? ಇಲ್ನೋಡಿ ಗುರುತು! ನಾನೇ ಹಾಕಿದ್ದು!"

ವೆಂಕಟಲಕ್ಷ್ಮಮ್ಮ ಗುರುತು ನೋಡಿದರು. ನನ್ನ ಮುಖ ನೋಡಿದರು. ಸೊಂಟದ ಮೇಲೆ ಕೈ ಇಟ್ಟರು.

"ನೀವಾ ಹಾಕಿದ್ದು?"

"ನಾನೇ!"

"ನಾಲ್ಕು ದಿನದಿಂದ ನನ್ನ ಪ್ರಾಣ ಹಿಂಡ್ತಿರೋದು ನೀವೇನಾ ಹಂಗಾದ್ರೆ! ನಿಂತ್ಕೊಳ್ಳಿ ಇಲ್ಲೇ."

ಒಂದು ಹೊಸ ಬೆಡ್‌ಶೀಟು ತಂದು ಅವರ ಮುಂದೆ ಹಿಡಿದರು. ಯಜಮಾನರು ಎಡಗೈಯಲ್ಲಿ ಮೂಲೆ ಎಳೆದು ನೋಡಿದರು. ಇನ್ನೊಂದು ಮೂಲೆ ನೋಡಿದರು. "ಬೇಡ" ಅಂದು ನೆಲಕ್ಕೆ ಎಸೆದರು. ಇನ್ನೊಂದು ತಂದರು. ಅದೂ ನೆಲಕ್ಕೆ. ಆಮೇಲೆ ತಾವು ಮಲಗಿದ್ದ ಬಟ್ಟೆಯ ಗುರುತಿನ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ನೋಡಿದ್ರಾ?" ಅಂದರು ವೆಂಕಟಲಕ್ಷ್ಮಮ್ಮ. "ಬೆಳಿಗ್ಗೆ ಏಳಕ್ಕೆ ತಗೀತೀನಿ. ಮಷಿನ್‌ಗೆ ಹಾಕಿದ್ರೆ ಎಲ್ಲದ್ರ ಜೊತೆ ಬೆರ್ತೋಗತ್ತೆ ಅಂತ ಕೈಯಲ್ಲೇ ಒಗೀತೀನಿ. ಒಣಗೋವರ್ಗೂ ಈ ಮಾರಾಯ ಮಲಗಲ್ಲ. ಕುರ್ಚಿ ಮೇಲೆ ಕೂತು ಮೆಟ್ಟಿಲ ಕಡೇನೇ ನೋಡ್ತಿರ್ತಾನೆ. ನಾನು ಟೆರೇಸಿಗೆ ಎಷ್ಟು ಸಲ ಹತ್ತಿ ಇಳೀಬೇಕು? ನೀವು ಬಟ್ಟೆ ಕಸುಬಿನೋರಂತೆ. ಮೂಸಿ ನೋಡಿ!"

ಬಗ್ಗಿ ಮೂಸಿದೆ. ಸೋಪು. ಅದರ ಹಿಂದೆ ಬಿಸಿಲು.

ಮೂವತ್ತು ವರ್ಷ ಬಟ್ಟೆ ಮೂಸಿದವಳು ನಾನು. ಆ ನಾಲ್ಕು ದಿನ ಗುರುತು ನೋಡಿದೆ, ಬಟ್ಟೆ ನೋಡಲಿಲ್ಲ. ಯಜಮಾನರ ಬಾಯಿ ಒಂದು ಕಡೆಯಿಂದ ಮೇಲೆ ಹೋಯಿತು. ನಗುತ್ತಿದ್ದರು.

ವ್ಯಾಯಾಮ ಮಾಡಿಸುವ ಹುಡುಗ ದರ್ಶನ್ ಬಾಗಿಲಲ್ಲಿ ನಿಂತಿದ್ದ. "ಆಂಟಿ, ಅಂಕಲ್ ಕೂರೋದು ಕಲಿತಿದ್ದೇ ಇದ್ರಿಂದ. ನಾನು ಐದು ನಿಮಿಷ ಕೂರ್ಸಿದ್ರೆ ಬೇಡ ಅಂತಿದ್ರು. ಬೆಡ್‌ಶೀಟಿಗೆ ಮೂರು ಗಂಟೆ ಕೂರ್ತಾರೆ" ಅಂದ.

ಹೊರಗೆ ಆಟೋದವನು ಹಾರನ್ ಹೊಡೆದ. ಚೀಲದಿಂದ ಪಂಚೆ, ಬನಿಯನ್ನು ತೆಗೆದು ಮತ್ತೆ ಜೋಡಿಸಿಟ್ಟೆ. ಹೋಗಿ ಅವನನ್ನು ಕಳಿಸಿ ಬಂದೆ. ಮಹದೇವ್ ಮಾತ್ರ, "ಇನ್ಮೇಲೆ ನಮ್ಮ ಬೆಡ್‌ಶೀಟ್ ಮೇಲೆ ಏನೂ ಬರೀಬೇಡಿ ಅಮ್ಮಾ" ಅಂದ.

ಅಲ್ಲಿಂದ ಮುಂದೆ ನಾನು ಪರೀಕ್ಷೆ ಮಾಡಲಿಲ್ಲ. ಪರೀಕ್ಷೆ ಮಾಡಿದ್ದು ಯಜಮಾನರು. ದರ್ಶನ್ ಕೊಟ್ಟ ಸ್ಪಂಜಿನ ಚೆಂಡನ್ನು ಎಸೆದಿದ್ದರು. ವೆಂಕಟಲಕ್ಷ್ಮಮ್ಮ ಒಂದು ರಾಶಿ ದಿಂಬಿನ ಕವರು ತಂದು ತೊಡೆಯ ಮೇಲೆ ಹಾಕಿದರು. ಯಜಮಾನರು ಒಂದು ಮೂಲೆ ಗಲ್ಲದಲ್ಲಿ ಹಿಡಿದು, ಎಡಗೈಯಲ್ಲಿ ಮಡಚಿದರು. ದಿನಾ ಅದೇ ಕೆಲಸ. ವೆಂಕಟಲಕ್ಷ್ಮಮ್ಮ ತಾವೂ ಮಡಚಿದರೆ, ಯಜಮಾನರು ಅದನ್ನು ಕೈಗೆತ್ತಿಕೊಂಡು "ಬೇಡ" ಅಂದು ಬಿಚ್ಚಿ ಬಿಸಾಡುತ್ತಿದ್ದರು.

"ನನ್ನ ಗಂಡನೂ ಇಷ್ಟು ಕಾಡ್ಲಿಲ್ಲ ಕಣಪ್ಪಾ" ಎನ್ನುತ್ತಾ ಅವರು ಮತ್ತೆ ಮಡಚುತ್ತಿದ್ದರು. ಮೂರನೇ ವಾರಕ್ಕೆ ಅವರ ಮಡಿಕೆ ನನ್ನದಕ್ಕಿಂತ ಚೆನ್ನಾಗಿ ಬಂತು.

ನಾಲ್ಕನೇ ವಾರ ಬಲಗೈಯ ಎರಡು ಬೆರಳು ಕವರಿನ ಮೇಲೆ ಬಂದು ಕೂತವು. ದರ್ಶನ್ ಫೋನಿನಲ್ಲಿ ಫೋಟೋ ತೆಗೆದುಕೊಂಡ. ಅದೇ ವಾರ ಒಂದು ಕವರಿನ ಸುಕ್ಕನ್ನು ಒತ್ತುತ್ತಾ "ನೆಟ್ಟಗೆ" ಅಂದರು. ಎರಡನೇ ಮಾತು. ನನಗೆ ಹೇಳಿದ್ದಲ್ಲ, ಕವರಿಗೆ ಹೇಳಿದ್ದು. ಆದರೂ ನಾನು ನೆಟ್ಟಗೆ ಕೂತೆ.

ಆರನೇ ವಾರದ ಗುರುವಾರ ಹತ್ತೂವರೆಗೆ ಫೋನು ಬಂತು. ಮಹದೇವ್ ಮಾಡಲಿಲ್ಲ, ವೆಂಕಟಲಕ್ಷ್ಮಮ್ಮನೇ ಮಾಡಿದರು. ಜೋರು ಗಂಟಲು ಅವತ್ತು ಇರಲಿಲ್ಲ. ಕುರ್ಚಿಯ ಮೇಲೆ ಕೂತು ಮೆಟ್ಟಿಲ ಕಡೆ ನೋಡುತ್ತಿದ್ದರಂತೆ. ಬೆಡ್‌ಶೀಟು ತರಲು ಟೆರೇಸಿಗೆ ಹೋಗಿ ಇಳಿಯುವಷ್ಟರಲ್ಲಿ ತಲೆ ವಾಲಿತ್ತಂತೆ. ಡಾಕ್ಟರು ಬಂದು ಎದೆ ಒತ್ತಿ ನೋಡಿದರಂತೆ. ಎರಡನೇ ಹೊಡೆತ.

ನಾನು ಹೋಗುವಾಗ ಮಂಚದ ಮೇಲೆ ಮಲಗಿಸಿದ್ದರು. ಮೂಲೆ ನೋಡಿದೆ. ಮೂರು ಚುಕ್ಕಿ, ಒಂದು ಗೆರೆ.

"ಒಣಗಿತ್ತಾ?" ಅಂದೆ.

"ಒಣಗಿತ್ತು ಕಣಮ್ಮಾ" ಅಂದರು ವೆಂಕಟಲಕ್ಷ್ಮಮ್ಮ. "ಪೂರ್ತಿ ಒಣಗಿತ್ತು."

ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ವೆಂಕಟಲಕ್ಷ್ಮಮ್ಮ ನಮ್ಮ ಎರಡನೇ ಮಹಡಿ ಹತ್ತಿ ಬಂದರು. ಕೂತು ಉಸಿರು ತಗೊಂಡು, "ಇದೇನ್ರೀ ಮೆಟ್ಲು! ಒಂದೇ ವಾರಕ್ಕೆ ಇಲ್ಲಿಗೆ ಎತ್ಕೊಂಡು ಬರೋಕೆ ಹೊರಟಿದ್ರಲ್ಲ" ಅಂದರು. ಬ್ಯಾಗಿನಿಂದ ಬೆಡ್‌ಶೀಟು ತೆಗೆದರು. ಒಗೆದು, ಒಣಗಿಸಿ, ಯಜಮಾನರ ಮಡಿಕೆಯಲ್ಲೇ ಮಡಚಿದ್ದರು. ಗುರುತು ಮೇಲೆ ಬಂದಿತ್ತು.

"ಮಹದೇವ್ ಬೈಯಲ್ವಾ?"

"ಅವನೇ ಕೊಟ್ಟಿದ್ದು. ಗುರುತು ಇರೋದು ನಮ್ದಲ್ಲ, ಅವ್ರಿಗೇ ಕೊಟ್ಬಿಡಿ ಅಂದ."

ಈಗ ಗಾಡಿ ಹತ್ತಿರ ಬಂದು ಕೇಳುತ್ತಾರೆ, ಪಟಾಲಮ್ಮಾ, ನಮ್ಮತ್ತೆ ಬಿದ್ದಿದ್ದಾರೆ, ಯಾವ ಮನೆ ಒಳ್ಳೇದು ಅಂತ. ಮೀನು ನೋಡಬೇಡಿ, ಟೆರೇಸಿಗೆ ಹೋಗಿ ಅನ್ನುತ್ತೇನೆ. ಅಲ್ಲಿ ಮೂಸಿ ನೋಡಿ ಅನ್ನುತ್ತೇನೆ. ಹುಚ್ಚಿ ಎಂದುಕೊಂಡು ಹೋದವರಲ್ಲಿ ಇಬ್ಬರು ವಾಪಸ್ಸು ಬಂದು ಥ್ಯಾಂಕ್ಸ್ ಹೇಳಿದ್ದಾರೆ.

ಬೆಳಿಗ್ಗೆ ಆರಕ್ಕೆ ಮರದ ಕೆಳಗೆ ಗಾಡಿ ನಿಲ್ಲಿಸುತ್ತೇನೆ. ತೆಂಗಿನ ಚಿಪ್ಪು ಹಚ್ಚಿ, ಮೇಲೆ ಇದ್ದಿಲು ಹಾಕಿ ಬೀಸುತ್ತೇನೆ. ಗಿರಾಕಿ ಬಟ್ಟೆ ಮುಟ್ಟುವ ಮೊದಲು ಪೆಟ್ಟಿಗೆಯ ಕಾವು ನೋಡಲು ಒಂದು ಹಳೆಯ ಬಟ್ಟೆ ಬೇಕು. ಆ ಬೆಡ್‌ಶೀಟನ್ನು ಗಾಡಿಯ ಮೇಲೆ ಹಾಸುತ್ತೇನೆ. ಗುರುತಿನ ಮೂಲೆ ಬಲಗಡೆಗೆ, ಅವರು ನಿಲ್ಲುತ್ತಿದ್ದ ಕಡೆಗೆ ಬರಬೇಕು. ಎಡಕ್ಕೆ ಬಂದರೆ ತೆಗೆದು ಮತ್ತೆ ಹಾಸುತ್ತೇನೆ. ನೀರು ಚಿಮುಕಿಸಿ, ಎರಡೂ ಕೈಯಲ್ಲಿ ಪೆಟ್ಟಿಗೆ ಎತ್ತಿ, ಆ ಮೂಲೆಯಿಂದ ಶುರು ಮಾಡುತ್ತೇನೆ.