ಒಂದು ಗೇಣು ಹಸಿರು ಬಟ್ಟೆ

ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಆ ಸಂಜೆ ನನಗೆ ಜೋರು ಚಪ್ಪಾಳೆ ಬಿತ್ತು. ಬರೆಯುವವರಿಗೆ ಚಪ್ಪಾಳೆ ಬಿದ್ದರೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಆದೆ. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಅಂದು ನಾನು ಓದಿದ್ದು ಒಬ್ಬ ಕೊಲೆಗಡುಕನ ಕಥೆ. ಎರಡು ಮಹಾಯುದ್ಧಗಳ ನಡುವೆ ರುಮೇನಿಯಾ ದೇಶದಲ್ಲಿ ಉಗ್ರ ರಾಷ್ಟ್ರವಾದಿಗಳ ಪಡೆಯೊಂದನ್ನು ಕಟ್ಟಿದವನು ಅವನು. ಯಹೂದಿಗಳನ್ನು ದೇಶದಿಂದ ತೊಲಗಿಸಬೇಕು ಎಂಬುದೇ ಅವನ ಬದುಕಿನ ಗುರಿ. ಕಾನೂನು ಓದಿದ್ದವನು ಹಾಡಹಗಲೇ ಒಬ್ಬ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ವಿಚಾರಣೆಗೆ ಕೂತ ಪಂಚರೇ ಅವನ ಕಡೆಯವರ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಬಂದು ಅವನನ್ನು ಬಿಡುಗಡೆ ಮಾಡಿದರು. ಆಮೇಲೆ ನಡೆದ ಅವನ ಮದುವೆಗೆ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಬಂತು. ಅವನು ಬಿಳಿ ಕುದುರೆಯೇರಿ ಹಳ್ಳಿಹಳ್ಳಿ ಸುತ್ತಿದ. ಹಸಿರು ಅಂಗಿ ತೊಟ್ಟ ಅವನ ಹುಡುಗರು ಒಬ್ಬ ಪ್ರಧಾನಿಯನ್ನೇ ಕೊಂದರು, ತಮ್ಮನ್ನು ಬಿಟ್ಟುಹೋದ ಗೆಳೆಯನನ್ನು ಆಸ್ಪತ್ರೆಯ ಹಾಸಿಗೆಯಲ್ಲೇ ಮುಗಿಸಿದರು. ಕೊನೆಗೆ ರಾಜನ ಕಡೆಯವರು ಅವನನ್ನೂ ಕತ್ತು ಹಿಸುಕಿ ಕೊಂದು ಹೂತರು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪುಸ್ತಕದಲ್ಲಿ ಬರೆದು ಬರೆದು ಕೈ ಸೋತಿದೆ.

ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು ನಾನು. ಗಂಡನಿಗೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ ಸಿಕ್ಕಿತೆಂದು ಮೆಲ್ಬರ್ನ್‌ಗೆ ಬಂದು, ಈಗ ಒಂದು ಆಫೀಸಿನಲ್ಲಿ ಇತರರ ಸಂಬಳದ ಲೆಕ್ಕ ನೋಡುತ್ತೇನೆ. ನನಗೂ ರುಮೇನಿಯಾಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದರೆ, ಊರ ಹೊರವಲಯದ ಕ್ರೇಗಿಬರ್ನ್‌ನ ನಮ್ಮ ಮನೆಯ ಬೇಲಿಯಾಚೆಯ ಅಜ್ಜಿಯ ನಂಟು. ತೊಂಬತ್ತು ದಾಟಿದ ಆಕೆ ಮಗಳ ಮನೆಯಲ್ಲಿದ್ದಾರೆ. ಹುಟ್ಟಿದ್ದು ರುಮೇನಿಯಾದ ರಾಜಧಾನಿ ಬುಖಾರೆಸ್ಟ್‌ನ ಒಂದು ಯಹೂದಿ ಮನೆಯಲ್ಲಿ. ನಾವು ಬಂದ ಹೊಸದರಲ್ಲಿ ನನ್ನ ಕುಂಡದ ಕರಿಬೇವಿನ ಎಲೆಯೊಂದನ್ನು ಕಿತ್ತು ಮೂಸಿ, ‘ಇದನ್ನು ಏನು ಮಾಡುತ್ತೀರಿ?’ ಎಂದು ಬೇಲಿಯ ಮೇಲಿಂದಲೇ ಕೇಳಿದ್ದರು. ಅಲ್ಲಿಂದ ಶುರುವಾದದ್ದು ವಾರಕ್ಕೊಮ್ಮೆ ಅವರ ಅಡುಗೆಮನೆಯ ಚಹಾಕ್ಕೆ ಬಂದು ನಿಂತಿತು.

ಅಜ್ಜಿ ತಮ್ಮ ತಂದೆಯ ಬಗ್ಗೆ ಹೇಳಿದ್ದು ಸ್ವಲ್ಪವೇ. ತಂದೆಗೆ ಒಂದು ಅಂಗಡಿ ಇತ್ತು. ಆಕೆ ಚಿಕ್ಕವಳಿದ್ದಾಗ, ಒಂದು ಚಳಿಗಾಲದಲ್ಲಿ, ಹಸಿರು ಅಂಗಿಯವರು ಬಾಗಿಲು ಒಡೆದು ಅವರನ್ನು ಎಳೆದುಕೊಂಡು ಹೋದರು. ತಂದೆ ಮತ್ತೆ ಬರಲಿಲ್ಲ. ಅಷ್ಟು ಹೊತ್ತಿಗೆ ಆ ನಾಯಕ ಸತ್ತೇ ಹೋಗಿದ್ದ. ಆದರೆ ಅವನ ಪಡೆಯಲ್ಲಿ ಹಾಜರಿ ಕರೆಯುವಾಗ ಸತ್ತವರ ಹೆಸರನ್ನೂ ಕೂಗುವ ರೂಢಿ ಇತ್ತು. ಉಳಿದವರೆಲ್ಲ ಒಟ್ಟಿಗೆ ‘ಹಾಜರ್’ ಎನ್ನುತ್ತಿದ್ದರು.

ಇವನ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆಯುತ್ತೇನೆ ಎಂದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ‘ನಿಮ್ಮ ಜನ ಅವನನ್ನು ಏನೆಂದುಕೊಳ್ಳುತ್ತಾರೆ?’

‘ಅಯ್ಯೋ, ನಮ್ಮವರು ಹತ್ತು ಸಾಲು ಕೇಳುವಷ್ಟರಲ್ಲಿ ಅವನ ಬಣ್ಣ ಬಯಲು ಮಾಡುತ್ತಾರೆ,’ ಎಂದೆ ನಾನು, ದೊಡ್ಡದಾಗಿ.

‘ಹಾಗಿದ್ದರೆ ಮೊದಲ ಸಲ ಓದಿದ ಮೇಲೆ ಬಂದು ಹೇಳು,’ ಎಂದರು. ‘ನನ್ನ ಜನ್ಮದಲ್ಲಿ ಒಮ್ಮೆಯಾದರೂ ಅದನ್ನು ಕೇಳಬೇಕು.’

ಆ ಸುದ್ದಿಯನ್ನು ಅವರಿಗೆ ತಂದುಕೊಡಬೇಕು ಎಂಬುದೊಂದೇ ನನಗಿದ್ದ ಆಸೆ. ಪುಸ್ತಕ ಅಚ್ಚಾಗುವವರೆಗೆ ಕಾಯುವ ವಯಸ್ಸಲ್ಲ ಅವರದು. ಅದಕ್ಕೇ ಸಿಡ್ನಿಯ ಕನ್ನಡದವರು ಓದಲು ಕರೆದಾಗ ಹಿಂದೆಮುಂದೆ ನೋಡದೆ ಟಿಕೆಟ್ ಬುಕ್ ಮಾಡಿದೆ.

ಹ್ಯಾರಿಸ್ ಪಾರ್ಕ್‌ನ ತಿಂಡಿ ಹೋಟೆಲೊಂದರ ಮಹಡಿಯಲ್ಲಿ ಕಾರ್ಯಕ್ರಮ. ಕೆಳಗಿನಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಏರ್ಪಾಟು ಮಾಡಿದವರು ರೌಸ್ ಹಿಲ್ ಬಡಾವಣೆಯ ಒಬ್ಬ ಅಂಕಲ್. ಒಳ್ಳೆಯ ಮನುಷ್ಯ, ಎಲ್ಲರನ್ನೂ ತಾವೇ ನಿಲ್ದಾಣದಿಂದ ಕರೆತರುವವರು. ನಾನು ಕುದುರೆಯ ಪ್ರಸಂಗ ಓದಿದೆ, ಮದುವೆಯ ಪ್ರಸಂಗ ಓದಿದೆ. ಹುಡುಗರು ಶಿಬಿರ ಹಾಕಿ ರಸ್ತೆ ಮಾಡಿದ್ದು, ಇಟ್ಟಿಗೆ ಕೊಯ್ದದ್ದು, ಪೂರ್ವಜರು ಸತ್ತ ರಣರಂಗದ ಮಣ್ಣನ್ನು ಪುಟ್ಟ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡದ್ದು ಎಲ್ಲವನ್ನೂ ಓದಿದೆ. ಇಷ್ಟು ಚೆಂದದ ಹೊದಿಕೆಯೊಳಗೆ ಎಂಥ ವಿಷವಿತ್ತು ನೋಡಿ ಎಂದು ತೋರಿಸಲು ಆಮೇಲೆ ಕೊಲೆಗಳನ್ನೂ ಒಂದೊಂದಾಗಿ ಓದಿದೆ. ಜನ ಉಸಿರು ಬಿಗಿಹಿಡಿದು ಕೇಳಿದರು. ನಾನು ಗೆದ್ದೆ ಎಂದುಕೊಂಡೆ.

ಮೊದಲು ಮಾತಾಡಿದವರು ಮುಂದಿನ ಸಾಲಿನ ಒಬ್ಬ ಆಂಟಿ. ‘ಪಾಪ ರೀ, ಆ ಪೊಲೀಸ್‌ನೋನು ಅದೆಷ್ಟು ಕಾಟ ಕೊಟ್ಟಿದ್ನೋ ಏನೋ. ಸುಮ್‌ಸುಮ್ನೆ ಯಾರಾದ್ರೂ ಶೂಟ್ ಮಾಡ್ತಾರಾ?’

ಅಷ್ಟರಲ್ಲಿ ರೌಸ್ ಹಿಲ್ ಅಂಕಲ್ ಎದ್ದು ನಿಂತರು. ‘ಮೇಡಂ, ಎಂಥ ಒಳ್ಳೆ ಹುಡುಗ್ರು ರೀ! ಕುಡಿಯಲ್ಲ, ಸೇದಲ್ಲ, ಹಾಲಿಡೇಸ್‌ನಲ್ಲಿ ರೋಡ್ ಮಾಡ್ತಾರೆ. ನಮ್ ವಾಲಂಟಿಯರ್ಸ್‌ಗೆ ನಾಲ್ಕು ಚೇರ್ ಎತ್ತಿಡ್ರಪ್ಪಾ ಅಂದ್ರೆ ಬ್ಯಾಕ್ ಪೇಯ್ನ್ ಅಂತಾರೆ.’

‘ಅಂಕಲ್, ಅವರು ಜನರನ್ನ ಕೊಂದವರು,’ ಎಂದೆ.

‘ಅದು ಆಮೇಲಿನ ಮಾತು ಅಲ್ವಾ ಮೇಡಂ? ನಾನು ಹೇಳ್ತಿರೋದು ಡಿಸಿಪ್ಲಿನ್ ಬಗ್ಗೆ.’

ಇಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಮಣ್ಣಿನ ಚೀಲದ ವಿಷಯ ಆಂಟಿಯ ಮನಸ್ಸಿಗೆ ಹೊಕ್ಕುಬಿಟ್ಟಿತ್ತು. ಅವರ ಪಾಲಿಗೆ ಅದು ಮಠದಿಂದ ತರುವ ಮೃತ್ತಿಕೆಯೇ. ತಾವು ಊರಿಂದ ತಂದ ಮೃತ್ತಿಕೆಯನ್ನು ಏರ್‌ಪೋರ್ಟ್‌ನಲ್ಲಿ ಕಿತ್ತುಕೊಂಡ ಕಥೆಯನ್ನು ಅವರು ಎಲ್ಲರಿಗೂ ಹೇಳಿದರು. ‘ಡಿಕ್ಲೇರ್ ಮಾಡಿದ್ದೆ ರೀ, ಸುಳ್ಳು ಹೇಳಿರ್ಲಿಲ್ಲ. ಆದ್ರೂ ಬಿನ್‌ಗೆ ಹಾಕ್ಬಿಟ್ರು. ದೇವರ ಮಣ್ಣು!’ ಹೊರಗಿನ ಮಣ್ಣು ಈ ದೇಶದೊಳಗೆ ಬರುವಂತಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಅನುಭವದಿಂದ ಗೊತ್ತು. ಎಲ್ಲರೂ ಒಟ್ಟಿಗೆ ಮರುಗಿದರು. ಹಿಂದಿನ ಸಾಲಿನಿಂದ ಯಾರೋ ಪರಿಹಾರವನ್ನೂ ಹೇಳಿದರು. ‘ಇಲ್ಲೇ ಒಂದು ಬ್ಯಾಗ್ ಪಾಟಿಂಗ್ ಮಿಕ್ಸ್, ಅದೇ ಕುಂಡದ ಮಣ್ಣು, ತಂದು, ಪೂಜೆ ಮಾಡಿ ಕಟ್ಕೊಂಡ್ರೆ ಆಯ್ತಪ್ಪ. ಭಾವನೆ ಮುಖ್ಯ.’

ನಾನು ಮೈಕಿಲ್ಲದೆಯೇ ಕೂಗಿದೆ. ಆ ಮಣ್ಣು ಪ್ರಸಾದವಲ್ಲ, ಯಾರ ತಾತ ಮುತ್ತಾತಂದಿರ ರಕ್ತ ಈ ನೆಲದಲ್ಲಿ ಬಿದ್ದಿಲ್ಲವೋ ಅವರಿಗೆ ಇಲ್ಲಿ ಜಾಗವಿಲ್ಲ ಎಂದು ಹೇಳುವುದಕ್ಕೆ ಅವರು ಅದನ್ನು ಕಟ್ಟಿಕೊಂಡದ್ದು ಎಂದೆ. ಆ ಲೆಕ್ಕದಲ್ಲಿ ಈ ಸಬರ್ಬ್‌ನಲ್ಲಿ ನಿಮಗಾಗಲಿ ನನಗಾಗಲಿ ಕಾಲಿಡಲು ಜಾಗವಿಲ್ಲ, ಸಾಲ ಕಟ್ಟುತ್ತಿರುವ ಮನೆಯನ್ನು ಬಿಟ್ಟು ಊರಿಗೆ ಹೊರಡಬೇಕಾಗುತ್ತದೆ ಎಂದೂ ಹೇಳಿದೆ. ಆಮೇಲೆ ಅಂಕಲ್ ತಲೆದೂಗಿದರು. ‘ಕರೆಕ್ಟ್ ಮೇಡಂ. ಅದಕ್ಕೇ ನಾವು ನಮ್ಮ ಮಣ್ಣನ್ನ ಕೊರಳಲ್ಲೇ ಇಟ್ಕೋಬೇಕು.’

ಚಪ್ಪಾಳೆ ಬಿದ್ದದ್ದು ಆಗ.

ಮನೆಗೆ ಬಂದು ಗಂಡನ ಮುಂದೆ ಹಾರಾಡಿದೆ. ಉಡುಪಿ ಕಡೆಯ ಮನುಷ್ಯ ಅವರು, ಅವಸರದಲ್ಲಿ ಮಾತಾಡುವವರಲ್ಲ. ದೋಸೆ ಮಗುಚಿ ಹಾಕಿ ಹೇಳಿದರು. ‘ಕುದುರೆಯನ್ನು ನೀನು ಅಷ್ಟು ಚಂದ ಮಾಡಿ ಬರ್ದದ್ದು ಯಾಕೆ ಮಾರಾಯ್ತಿ? ಕೇಳಿದ್ರೆ ನನಗೇ ಒಂದು ಸಲ ಹತ್ತುವಾ ಅಂತ ಆಗ್ತದೆ.’ ಅವರ ಮೇಲೂ ರೇಗಿದೆ. ಆಮೇಲೆ ಕೂತು ಕುದುರೆಯ ಬಿಳುಪನ್ನು ತೆಗೆದೆ, ಅವನ ಕಣ್ಣಿನ ಹೊಳಪನ್ನು ತೆಗೆದೆ, ಮದುವೆಯ ಹೂವುಗಳನ್ನು ಕಿತ್ತುಹಾಕಿದೆ. ಮತ್ತೆ ಓದಿ ನೋಡಿದರೆ ಅವನು ಇನ್ನೂ ಸರಳ ಮನುಷ್ಯನಾಗಿ ಕಾಣುತ್ತಿದ್ದ. ಇವನನ್ನು ಏನು ಮಾಡಿದರೂ ಹೀಗೇ.

ಅಜ್ಜಿಯ ಮನೆಗೆ ಹೋಗಲಿಲ್ಲ. ಅವರು ಅಂಗಳದಲ್ಲಿದ್ದಾರೆಯೇ ಎಂದು ಕಿಟಕಿಯಿಂದ ಇಣುಕಿ ನೋಡಿ ಆಮೇಲೆ ಕಸದ ಬಿನ್ ಹೊರಗಿಡುವಷ್ಟು ಹೇಡಿಯಾದೆ. ಆ ವಾರದ ಚಹಾಕ್ಕೆ ನೆಗಡಿ ಎಂದು ನೆವ ಹೇಳಿದೆ. ಮುಂದಿನ ವಾರ ಆಫೀಸಿನ ಕೆಲಸವೆಂದೆ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಫೋನಿಗೆ ಫೋಟೊ ಬಂತು. ರೌಸ್ ಹಿಲ್‌ನ ಯಾರದೋ ಗ್ಯಾರೇಜಿನ ಮುಂದೆ ರಾಜ್ಯೋತ್ಸವದ ವಾಲಂಟಿಯರ್‌ಗಳು ಸಾಲಾಗಿ ನಿಂತಿದ್ದರು. ಎಲ್ಲರದೂ ಹಸಿರು ಟೀಶರ್ಟ್. ಎಲ್ಲರ ಕೊರಳಲ್ಲೂ ಕೆಂಪು–ಹಳದಿ ದಾರದ ಪುಟ್ಟ ಚೀಲ. ಕೆಳಗೆ ಅಂಕಲ್ ಬರೆದಿದ್ದರು: ‘ಐಡಿಯಾ ನಿಮ್ಮದೇ ಮೇಡಂ. ಹುಡುಗ್ರು ಫುಲ್ ಜೋಶ್‌ನಲ್ಲಿದ್ದಾರೆ!’

ಫೋಟೊದಲ್ಲಿದ್ದವರು ನಗುತ್ತಿದ್ದರು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಅದಕ್ಕೇ ನನಗೆ ಮನೆಯಲ್ಲಿ ಕೂರಲಾಗಲಿಲ್ಲ.

ಫೋನ್ ಹಿಡಿದುಕೊಂಡೇ ನೇರ ಅಜ್ಜಿಯ ಅಡುಗೆಮನೆಗೆ ಹೋಗಿ ಕೂತೆ. ‘ನನ್ನ ಮಾತು ಸುಳ್ಳಾಯಿತು. ನಮ್ಮವರಿಗೆ ಅವನು ಇಷ್ಟವಾದ,’ ಎಂದೆ. ಎಲ್ಲವನ್ನೂ ಹೇಳಿದೆ, ಫೋಟೊವನ್ನೂ ತೋರಿಸಿದೆ.

ಅಜ್ಜಿ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು. ಮುಖಗಳನ್ನು ನೋಡಲಿಲ್ಲ, ಅಂಗಿಯನ್ನೇ ನೋಡಿದರು.

‘ಇದು ಯಾವ ಬಟ್ಟೆ?’

‘ಪಾಲಿಯೆಸ್ಟರ್ ಇರಬೇಕು.’

‘ನನ್ನ ತಂದೆ ಕೊಡುತ್ತಿದ್ದುದು ಹತ್ತಿ,’ ಎಂದರು.

ನನಗೆ ಅರ್ಥವಾಗಲಿಲ್ಲ. ಅಂಗಡಿ ಎಂದರೆ ಎಂಥ ಅಂಗಡಿ ಎಂದು ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಬಟ್ಟೆಯ ಅಂಗಡಿ. ಯಹೂದಿಗಳ ಅಂಗಡಿಯಲ್ಲಿ ಏನನ್ನೂ ಕೊಳ್ಳಬೇಡಿ ಎಂದು ಊರೆಲ್ಲ ಸಾರುತ್ತಿದ್ದ ಆ ಹುಡುಗರು, ಅಂಗಿಗೆ ಹಸಿರು ಬಟ್ಟೆ ಬೇಕಾದಾಗ ಹಿಂಬಾಗಿಲಿನಿಂದ ಅಜ್ಜಿಯ ತಂದೆಯಲ್ಲಿಗೇ ಬರುತ್ತಿದ್ದರು. ಅಷ್ಟು ಒಳ್ಳೆಯ ಹತ್ತಿ ಬೇರೆಲ್ಲೂ ಸಿಗುತ್ತಿರಲಿಲ್ಲವಂತೆ.

‘ಅಪ್ಪ ಮನೆಗೆ ಬಂದು ಅಮ್ಮನ ಹತ್ತಿರ ಹೊಗಳುತ್ತಿದ್ದ,’ ಎಂದರು ಅಜ್ಜಿ. ‘ಒಳ್ಳೆಯ ಹುಡುಗರು, ಕುಡಿಯುವುದಿಲ್ಲ, ಬಾಗಿಲಲ್ಲಿ ಕಾಲು ಒರೆಸಿಕೊಂಡೇ ಒಳಗೆ ಬರುತ್ತಾರೆ ಎಂದು. ಅಳೆದು ಕೊಡುವಾಗ ಒಂದು ಗೇಣು ಹೆಚ್ಚಿಗೇ ಬಿಟ್ಟು ಕತ್ತರಿಸುತ್ತಿದ್ದ. ಬೆಳೆಯುವ ಹುಡುಗರು, ತೋಳು ಗಿಡ್ಡವಾಗಬಾರದು ಅಂತ.’

‘ಆ ಹುಡುಗರು ಯಾರೆಂದು ನಿಮ್ಮ ತಂದೆಗೆ ಗೊತ್ತಿರಲಿಲ್ಲವೇ?’

‘ಗೊತ್ತಿತ್ತು. ಬೀದಿಯಲ್ಲಿ ಹಾಡುತ್ತಾ ಹೋಗುತ್ತಿದ್ದರಲ್ಲ, ನಮ್ಮನ್ನು ಏನು ಮಾಡುತ್ತೇವೆ ಎಂದು. ಅದು ಆಮೇಲಿನ ಮಾತು ಎಂದುಕೊಂಡಿದ್ದ.’

ಅಂಕಲ್‌ರ ಮಾತನ್ನು ನಾನು ಅವರಿಗೆ ಆಗಷ್ಟೇ ಹೇಳಿದ್ದೆ. ಅದನ್ನೇ ಎತ್ತಿ ಆಡುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ, ಅವರು ಕಿಟಕಿಯಾಚೆ ನೋಡುತ್ತಿದ್ದರು.

‘ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಅಮ್ಮ ಹೇಳಿದ್ದು. ಇದು ಮಾತ್ರ ನಾನೇ ಕಂಡದ್ದು,’ ಎಂದರು. ‘ಆ ಚಳಿಗಾಲದಲ್ಲಿ ಅವರು ಬಂದಾಗ ನಾನು ಮೇಜಿನ ಕೆಳಗಿದ್ದೆ. ಹೊರಗೆ ಹಿಮ. ಕೊಡಲಿಯಿಂದ ಬಾಗಿಲು ಸೀಳಿದರು. ಅವರಲ್ಲಿ ಒಬ್ಬ ಕಾಲು ಒರೆಸಿಕೊಂಡು ಒಳಗೆ ಬಂದ.’

ಚಹಾ ಆರಿತು. ಇದನ್ನು ಬರೆಯಲೇ ಎಂದು ಕೊನೆಗೆ ಕೇಳಿದಾಗ, ‘ಬರೆ, ಆ ಗೇಣನ್ನು ಬಿಡಬೇಡ,’ ಎಂದರು.

ಅಲ್ಲೇ ಕೂತಿರುವಾಗ ಅಂಕಲ್‌ರಿಂದ ಮತ್ತೊಂದು ಮೆಸೇಜ್ ಬಂತು. ರಾಜ್ಯೋತ್ಸವಕ್ಕೆ ನಾನೇ ಮುಖ್ಯ ಅತಿಥಿಯಂತೆ. ‘ನಿಮಗೂ ಒಂದು ಟೀಶರ್ಟ್ ಮಾಡಿಸ್ತಿದ್ದೀವಿ ಮೇಡಂ, ಸೈಜ್ ಹೇಳಿ. ತೋಳು ಸ್ವಲ್ಪ ಉದ್ದನೇ ಇರ್ಲಾ?’

ಸೈಜ್ ಹೇಳಲಿಲ್ಲ. ಬರುತ್ತೇನೆ, ಓದುತ್ತೇನೆ ಎಂದಷ್ಟೇ ಬರೆದೆ. ಮನೆಗೆ ಬಂದು ಕುದುರೆಯನ್ನು ಪೂರ್ತಿ ತೆಗೆದುಹಾಕಿದೆ. ಈಗ ಪುಸ್ತಕ ಬಟ್ಟೆಯ ಅಂಗಡಿಯ ಹಿಂಬಾಗಿಲಿನಿಂದ ಶುರುವಾಗುತ್ತದೆ. ಮುಂದಿನ ವಾರ ಸಿಡ್ನಿಗೆ ಹೊರಡಬೇಕು. ಹಸಿರು ಅಂಗಿಯವರು ಎದುರಿಗೆ ಸಾಲಾಗಿ ಕೂತಿರುತ್ತಾರೆ, ನಾನು ಅವರಿಗೆ ಇದನ್ನು ಓದುತ್ತೇನೆ. ಎಲ್ಲಿ ಮತ್ತೆ ಚಪ್ಪಾಳೆ ತಟ್ಟಿಬಿಡುತ್ತಾರೋ ಎಂದು ಈಗಲೇ ಭಯವಾಗುತ್ತಿದೆ.