ಬೀಗರ ಊಟಕ್ಕೆ ಬಂದ ಮಾಂಸ

ನನ್ನ ಅಕ್ಕನ ಗಂಡ ತುಮಕೂರಿನ ಬಟವಾಡಿಯಲ್ಲಿ ಮಟನ್ ಅಂಗಡಿ ಇಟ್ಟಿದ್ದರು. ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಆ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಲೂ ಜಾಗ ಸಿಗುತ್ತಿರಲಿಲ್ಲ. ಭಾವನ ಹತ್ತಿರ ಟಗರು ಬಿಟ್ಟರೆ ಬೇರೆ ಮಾಂಸವೇ ಇಲ್ಲ ಎಂದು ತುಮಕೂರಿಗೆಲ್ಲ ಹೆಸರು. ಮರಿ ಹಾಕಿ ಹಾಕಿ ಬಲಿತ ಹೆಣ್ಣು ಕುರಿಯ ಮಾಂಸ ನಾರು. ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಕ್ಕುತ್ತದೆ. ಹಾಗಾಗಿ ಗಿರಾಕಿಗಳು ಕೊಕ್ಕೆಗೆ ನೇತುಹಾಕಿದ ಕುರಿಯ ಹಿಂಗಾಲುಗಳ ನಡುವೆ ಬೀಜ ಇದೆಯೇ ಎಂದು ನೋಡಿಯೇ ತೂಕ ಹಾಕಿಸುತ್ತಿದ್ದರು. ಭಾವನ ಅಂಗಡಿಯಲ್ಲಿ ಅದು ಯಾವತ್ತೂ ಇರುತ್ತಿತ್ತು. ಅವರ ಭಾವಮೈದ ಎಂದು ಹೇಳಿಕೊಳ್ಳಲು ನನಗೂ ಹೆಮ್ಮೆ.

ನಾನಾಗ ಗುಬ್ಬಿಯಲ್ಲಿ ಗುಮಾಸ್ತ. ಹುಲಿಯೂರುದುರ್ಗದ ಕಡೆಯ ಹುಡುಗಿಯೊಂದಿಗೆ ಮದುವೆಯಾಯಿತು. ಮಾವನವರದು ಕುರಿ ಸಾಕುವ ಮನೆ. ಟಗರುಗಳನ್ನು ಮೇಯಿಸಿ ಕುಣಿಗಲ್ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದೇ ಅವರ ಮುಖ್ಯ ಸಂಪಾದನೆ. ಹೆಣ್ಣಿನ ಕಡೆಯವರಿಗೆ ನಮ್ಮ ಮನೆಯಲ್ಲಿ ಬೀಗರ ಊಟ ಇಟ್ಟುಕೊಂಡಾಗ ಭಾವ ತಾವಾಗಿ ಮುಂದೆ ಬಂದರು.

"ಕುರಿ ತಂದು ಅಲ್ಲಿ ಕುಯ್ಯೋ ರಗಳೆ ಯಾಕ್ಲಾ? ಅಂಗಡೀಲೇ ಸುಲಿದು ಕಳಿಸ್ತೀನಿ ಬುಡು. ಎಲ್ಲಾ ಎಳೇ ಟಗರೇ, ನನ್ ಜವಾಬ್ದಾರಿ."

ಆ ದಿನ ಮಾವ ಬೆಳಿಗ್ಗೆಯೇ ಬಂದುಬಿಟ್ಟಿದ್ದರು. ಸುಮ್ಮನೆ ಕೂರುವ ಜನ ಅವರಲ್ಲ. ಮಾಂಸದ ಟೆಂಪೋ ಮನೆಯ ಹಿಂದೆ ಬಂದು ನಿಂತಾಗ ನಾನು ಬೇಡವೆಂದರೂ ಎದ್ದು ಬಂದು ಕೈ ಹಾಕಿದರು. ಸುಲಿದ ಕುರಿಯ ಮುಂಗಾಲು ಅವರು ಹಿಡಿದರು, ಹಿಂಗಾಲು ನಾನು. ಎತ್ತುವಾಗ ನನ್ನ ಬೆರಳಿಗೆ ಏನೋ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ದಾರ. ಗೋಣಿಚೀಲ ಹೊಲಿಯುವ ದಾರ. ಬೇರೆ ಯಾವುದೋ ಟಗರಿನ ಬೀಜವನ್ನು ತಂದು ಹೆಣ್ಣು ಕುರಿಯ ಕಾಲುಗಳ ನಡುವೆ ಹೊಲಿದಿದ್ದರು.

ತಲೆ ಎತ್ತಿದೆ. ಮಾವನೂ ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು. ನನಗೇನೂ ಗೊತ್ತಿರಲಿಲ್ಲ ಎಂದು ಹೇಳಬೇಕೆನಿಸಿತು. ಹೇಳಿದ್ದರೂ ನಂಬುತ್ತಿದ್ದರೋ ಇಲ್ಲವೋ. ಯಾರಾದರೂ ಬಂದಾರೆಂದು ಅವರೇ ಅದರ ಮೇಲೆ ಗೋಣಿತಟ್ಟು ಎಳೆದು ಮುಚ್ಚಿ, ಮೆಲ್ಲಗೆ ಹೇಳಿದರು:

"ಅಡುಗೆಯೋರಿಗೆ ಹೇಳಿ ಅಳಿಯಂದ್ರೇ, ಇನ್ನೊಸಿ ಹೊತ್ತು ಬೇಯ್ಲಿ ಅಂತ."

ಮಧ್ಯಾಹ್ನ ಮಾವ ಪಂಕ್ತಿಯಲ್ಲಿ ಕೂತು ಮುದ್ದೆ ಸಾರು ಉಂಡರು. ಅವರ ಊರಿನವನೊಬ್ಬ "ಮಾಂಸ ಗಟ್ಟಿ ಅಲ್ವಾ?" ಎಂದಾಗ, "ಸುಮ್ಕೆ ಉಣ್ಣಲಾ, ಸಾರು ಚೆನ್ನಾಗದೆ" ಎಂದು ಗದರಿದರು. ಬಡಿಸುತ್ತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಜನ ಕರಗಿದ ಮೇಲೆ ಭಾವನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ತಡವರಿಸಲೂ ಇಲ್ಲ.

"ಎಲ್ರೂ ಟಗರೇ ಕೇಳ್ತಾರೆ ಕಣೋ. ಅಷ್ಟೊಂದು ಟಗರು ಎಲ್ಲಿಂದ ಬರ್ತವೆ? ಹೆಣ್ಗುರೀನ ಯಾರು ತಿನ್ಬೇಕು? ನಾನೊಬ್ನೇ ಏನಲ್ಲ ಮಾಡ್ತಿರೋದು."

"ಬೀಗರಿಗೂನಾ ಭಾವ?"

ಒಳಗೆ ಪಾತ್ರೆ ಎತ್ತಿಡುತ್ತಿದ್ದ ಅಕ್ಕನ ಕೈ ನಿಂತುಹೋಗಿದ್ದು ಕಾಣಿಸಿತು. ಅವಳಿಗೂ ಗೊತ್ತಾಗಿದ್ದು ಆಗಲೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅದು ಊರಿಗೂ ಗೊತ್ತಾಯಿತು. ಆ ಹೊತ್ತಿಗೆ ನಾನೂ ತುಮಕೂರಿಗೆ ವರ್ಗವಾಗಿ ಬಂದಿದ್ದೆ. ಒಂದು ಭಾನುವಾರ ಭಾವನ ಅಂಗಡಿಯಲ್ಲಿ, ತೊಡೆ ಭಾಗ ಕೇಳಿದ ಹೆಂಗಸೊಬ್ಬರು ಬೆರಳಿಂದ ಮುಟ್ಟಿ ನೋಡಿದ್ದೇ ತಡ, ಹೊಲಿಗೆ ಬಿಚ್ಚಿ ಬೀಜ ಕಲ್ಲಿನ ಮೇಲೆ ಬಿತ್ತಂತೆ. ಮೊದಲು ಯಾರೋ ನಕ್ಕರು. ಆಮೇಲೆ ಬೈಗುಳ ಶುರುವಾಯಿತು. ಸಂಜೆಯೊಳಗೆ ಅದೇ ಮಾತು ಹೇರ್ ಕಟಿಂಗ್ ಶಾಪಿನಲ್ಲಿ, ಸಿಟಿ ಬಸ್ಸಿನಲ್ಲಿ. ಇಷ್ಟು ವರ್ಷ ತಿಂದಿದ್ದೆಲ್ಲ ಏನೋ ಎಂದು ನಮ್ಮ ಆಫೀಸಿನಲ್ಲೂ ಮಾತಾಡಿಕೊಂಡರು. ನಾನು ಫೈಲಿನಿಂದ ತಲೆ ಎತ್ತಲಿಲ್ಲ.

ಭಾವನ ಅಂಗಡಿ ಒಂದೇ ಮುಚ್ಚಿದ್ದರೆ ನ್ಯಾಯ ಎನ್ನಬಹುದಿತ್ತು. ಆ ಸಾಲಿನಲ್ಲಿದ್ದ ಎಲ್ಲ ಅಂಗಡಿಗಳ ವ್ಯಾಪಾರವೂ ಬಿದ್ದುಹೋಯಿತು. ಪಕ್ಕದ ಅಂಗಡಿಯವರು ವಯಸ್ಸಾದವರು, ಹೆಣ್ಣು ಕುರಿ ಕುಯ್ದ ದಿನ ಹೆಣ್ಣು ಕುರಿ ಎಂದೇ ಹೇಳಿ ಮಾರುತ್ತಿದ್ದವರು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ "ನಾನ್ಯಾವತ್ತೂ ದಾರ ಮುಟ್ಟಿಲ್ಲ ಕಣಣ್ಣಾ" ಎನ್ನುತ್ತಿದ್ದರು. ಯಾರು ಕೇಳುತ್ತಾರೆ? ಜನ ಬ್ರಾಯ್ಲರ್ ಕೋಳಿಯ ಅಂಗಡಿಗಳ ಮುಂದೆ ನಿಂತರು. ಅಲ್ಲಾದರೆ ಕಣ್ಣೆದುರಿಗೇ ಕುಯ್ದು ಕೊಡುತ್ತಾರಲ್ಲ. ಆ ಹಿರಿಯರು ಬಾಗಿಲು ಹಾಕಿಕೊಂಡು ಮಗಳ ಊರಿಗೆ ಹೋದರು. ಹೋಗುವ ಮುಂಚೆ ಅಕ್ಕ ಅವರ ಮನೆಗೆ ಹೋಗಿ ಹೊಸಿಲ ಹೊರಗೇ ನಿಂತು ಅತ್ತು ಬಂದಳು.

ಕೆಲವು ತಿಂಗಳಾದ ಮೇಲೆ ಭಾವ ನನ್ನನ್ನು ತಮ್ಮ ಜೊತೆ ಹುಲಿಯೂರುದುರ್ಗಕ್ಕೆ ಹೊರಡಿಸಿದರು. ಮಾವನ ಟಗರು ಕೊಂಡು, ಜನರೆದುರಿಗೇ ಕುಯ್ದು ಮತ್ತೆ ವ್ಯಾಪಾರ ಶುರುಮಾಡುತ್ತೇನೆ ಎಂದರು. ನನಗೆ ಹೋಗಲು ಮನಸ್ಸಿರಲಿಲ್ಲ. ಅಕ್ಕನ ಮುಖ ನೋಡಿ ಹೊರಟೆ.

ಮಾವ ಜಗಲಿಯ ಮೇಲೆ ಚಾಪೆ ಹಾಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು.

"ನೀವು ನಮ್ ನಂಟ್ರು. ಊಟ ಮಾಡ್ಕಂಡು ಹೋಗಿ. ಕುರಿ ಮಾತ್ರ ಕೇಳ್ಬೇಡಿ" ಎಂದರು.

"ಇನ್ಮೇಲೆ ಆ ಕೆಲ್ಸ ಮಾಡಲ್ಲ ಮಾವ, ಆಣೆ" ಎಂದರು ಭಾವ.

"ನೀವು ಮಾಡ್ದೇ ಇರ್ಬೋದು. ತಗೊಳ್ಳೋರು ನಂಬ್ಬೇಕಲ್ಲ? ಹೋದ ವಾರ ಕುಣಿಗಲ್ ಸಂತೆಗೆ ಟಗರು ಹೊಡ್ಕಂಡು ಹೋಗಿದ್ದೆ. ತುಮಕೂರು ವ್ಯಾಪಾರಿ ಹೆಣ್ಗುರಿ ರೇಟಿಗೆ ಕೇಳ್ದ. ಇದು ಟಗರು ಕಣಪ್ಪಾ ಅಂದೆ. ಕಾಣ್ತದೆ ಯಜಮಾನ, ಆದ್ರೆ ಪ್ಯಾಟೇಲಿ ಟಗರು ಅಂದ್ರೆ ನಗ್ತಾರೆ ಅಂದ. ವಾಪಸ್ ಹೊಡ್ಕಂಡು ಬಂದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಅತ್ತೆ ಸೊಪ್ಪಿನ ಸಾರು ಬಡಿಸಿದರು. ಭಾವ ತಟ್ಟೆಯಿಂದ ಕಣ್ಣೆತ್ತದೆ ಉಂಡರು. ಹಿತ್ತಲ ಕೊಟ್ಟಿಗೆಯಲ್ಲಿ ಮಾರಾಟವಾಗದ ಟಗರುಗಳು ಒಂದೇ ಸಮನೆ ಕೂಗುತ್ತಿದ್ದವು.

ಭಾವ ಅಂಗಡಿಯ ಜಾಗ ಬಿಟ್ಟುಕೊಟ್ಟು ಗೂಡ್ಸ್ ಆಟೋ ಓಡಿಸತೊಡಗಿದರು. ಮುಂದಿನ ಬೇಸಿಗೆಗೆ ಮಾವ ಮಂದೆಯನ್ನು ಬಂದ ಬೆಲೆಗೆ ಮಾರಿದರು. ಕೇಳಿದವರಿಗೆ ಮಂಡಿನೋವು, ಅಡ್ಡಾಡಲಾಗುವುದಿಲ್ಲ ಎಂದರು. ನನ್ನ ಹೆಂಡತಿಯೂ ಅದನ್ನೇ ನಂಬಿ ನೋವಿನ ಎಣ್ಣೆ ತೆಗೆದುಕೊಂಡು ನನ್ನ ಜೊತೆ ತವರಿಗೆ ಹೊರಟಳು. ಬೀಗರ ಊಟದ ದಿನದಿಂದ ಹಿಡಿದು ನಿಜ ಏನೆಂದು ದಾರಿಯಲ್ಲಿ ಬಸ್ಸಿನಲ್ಲಿ ನಾನೇ ಅವಳಿಗೆ ಹೇಳಿದೆ. ಅವಳು ಊರು ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.