ಹನ್ನೆರಡನೇ ಜೋಡಿ

ಅಥಣಿಯಲ್ಲಿ ಏನಾದರೂ ಕೆಟ್ಟು ಕೂತರೆ ಜನ ಮೊದಲು ಅದನ್ನು ಎರಡು ಸಲ ಬಡಿದು ನೋಡುತ್ತಾರೆ, ಆಮೇಲೆ ಹುಸೇನಮಿಯಾನ ಅಂಗಡಿಗೆ ಒಯ್ಯುತ್ತಾರೆ. ಬಡಿದದ್ದು ಅವನಿಗೆ ನೋಡಿದ ಕೂಡಲೇ ತಿಳಿಯುತ್ತದೆ. "ಎಷ್ಟ ಹೊಡದೀರಿ ಇದಕ್ಕ?" ಎಂದು ಕೇಳಿಯೇ ಕೈಗೆ ತೆಗೆದುಕೊಳ್ಳುತ್ತಾನೆ. ಇಪ್ಪತ್ತರ ಹರೆಯದಲ್ಲಿ ರೇಡಿಯೊ ರಿಪೇರಿಯಿಂದ ಶುರು ಮಾಡಿದವನು. ರೇಡಿಯೊ ಹೋಯಿತು, ಟಿ.ವಿ. ಬಂತು, ಟಿ.ವಿ. ತೆಳ್ಳಗಾಗಿ ಗೋಡೆ ಏರಿತು, ಕಂಪ್ಯೂಟರ್ ಬಂತು. ಅವನೂ ಒಂದೊಂದನ್ನೇ ಬಿಚ್ಚುತ್ತ, ಜೋಡಿಸುತ್ತ ಐವತ್ತೈದಕ್ಕೆ ಬಂದು ನಿಂತ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಷ್ಟಕ್ಕಷ್ಟೆ. ಉಳಿದದ್ದೆಲ್ಲ ಪರದೆಯ ಮೇಲೆ ಬರುವ ತಪ್ಪಿನ ಸಂದೇಶಗಳನ್ನು ಓದಿ ಓದಿ ಕಲಿತದ್ದು.

ಈ ಮನುಷ್ಯನಿಗೆ ಎರಡು ಚಟ. ಒಂದು, ಕೈಗೆತ್ತಿಕೊಂಡ ಕೆಲಸ ಆಗುವತನಕ ಊಟಕ್ಕೆ ಏಳುವುದಿಲ್ಲ. ಅವನ ಹೆಂಡತಿ ಕುಲಸುಂಬಿ ಇದಕ್ಕಾಗಿ ಅವನನ್ನು ಬೈಯದ ದಿನವಿಲ್ಲ. ಇನ್ನೊಂದು ಚಟ ನೋಟುಬುಕ್ಕಿನದು. ಯಾವ ಕೆಲಸ ಮಾಡಿದರೂ ಮೊದಲು ಏನು ಮಾಡಿದೆ, ಆಮೇಲೆ ಏನು ಮಾಡಿದೆ ಎಂದು ಅಂಕಿ ಹಾಕಿ ಬರೆದಿಡುತ್ತಾನೆ. ಮನೆಯಲ್ಲಿ ಇಂಥ ಹತ್ತೊಂಬತ್ತು ನೋಟುಬುಕ್ಕುಗಳಿವೆ. ಮಸಾಲೆ ಡಬ್ಬಿ ಇಡಲು ಜಾಗವಿಲ್ಲ, ಇವಕ್ಕಿದೆ ಎಂದು ಕುಲಸುಂಬಿ ಬಂದವರೆದುರೆಲ್ಲ ಹೇಳುತ್ತಾಳೆ.

ಕಳೆದ ಚಳಿಗಾಲದಲ್ಲಿ ಅವನಿಗೆ ಚಪ್ಪಲಿ ಸಂಘದಿಂದ ಕರೆ ಬಂತು. ಆರು ಜನ ಹೆಂಗಸರ ಸಂಘ ಅದು. ಕೊಲ್ಹಾಪುರಿ ಚಪ್ಪಲಿಗೆ ವೇಣಿ ಹೆಣೆಯುವುದು, ಅಂದರೆ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆದು ಮೇಲಿನ ಪಟ್ಟಿಗೆ ಕೂಡಿಸುವುದು ಅವರ ಕೆಲಸ. ಆಫೀಸು ನೋಡಿಕೊಳ್ಳುವವಳು ರಾಜೇಶ್ವರಿ. ಬಿ.ಕಾಂ. ಓದಿದವಳು, ಚುರುಕು, ಮಾತಿಗೊಮ್ಮೆ ಗಡಿಯಾರ ನೋಡುವವಳು. ಸಂಘದ ಚಪ್ಪಲಿ ಕೊಳ್ಳುವ ಮುಂಬಯಿಯ ಮಳಿಗೆಯವರು, ತಮಗೆ ಮಾಲು ಕಳಿಸುವ ಎಲ್ಲ ಊರುಗಳ ವಿವರವನ್ನೂ ಕ್ಲೌಡ್‌ನಲ್ಲಿ ಒಂದೇ ದೊಡ್ಡ ಡೇಟಾ ಉಗ್ರಾಣದಲ್ಲಿ ತುಂಬಿಡಲು ಶುರು ಮಾಡಿದ್ದರು. ಯಾವ ಜೋಡಿ, ಯಾವ ಅಳತೆ, ಹೆಣೆದವರು ಯಾರು ಎಂದು ರಾಜೇಶ್ವರಿ ಮೊಬೈಲಿನಲ್ಲಿ ಒತ್ತಿದರೆ ಅದು ಅಲ್ಲಿ ಹೋಗಿ ಸೇರುತ್ತಿತ್ತು. ಅಲ್ಲಿಂದ ಅದನ್ನೇ ಆಫೀಸಿನ ಕಂಪ್ಯೂಟರಿಗೆ ಎಳೆದುಕೊಂಡು ಜೋಡಿಗೊಂದು ಚೀಟಿ ಮುದ್ರಿಸಬೇಕು, ಚಪ್ಪಲಿಗೆ ಕಟ್ಟಬೇಕು. ಚೀಟಿಯ ಮೇಲೆ ಹೆಣೆದವಳ ಹೆಸರು ಇರಬೇಕು.

ತೊಡಕು ಇದ್ದದ್ದು ಅಲ್ಲೇ. ಚೀಟಿ ಮುದ್ರಿಸುವ ಪ್ರೋಗ್ರಾಮು ಹಳೆಯದು, ಉಗ್ರಾಣ ಹೊಸದು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ನಡುವೆ ಕೂತು ಇವರ ಮಾತು ಅವರಿಗೆ, ಅವರದು ಇವರಿಗೆ ಮುಟ್ಟಿಸಲು ಒಂದು ಚಿಕ್ಕ ತಂತ್ರಾಂಶ ಬೇಕು. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಕೂರಿಸಿಕೊಡಲು ಹುಸೇನಮಿಯಾ ಬೆಳಿಗ್ಗೆ ಹತ್ತಕ್ಕೆ ಬಂದು ಕುರ್ಚಿ ಎಳೆದುಕೊಂಡ.

"ಕಾಕಾ, ಮೂರಕ್ಕ ಲಖನನ ಟೆಂಪೋ ಹೊರಡತೈತಿ. ಮಿರಜದಾಗ ಸಂಜಿ ಪಾರ್ಸೆಲ್ ಗಾಡಿ ತಪ್ಪಿದ್ರ ಮಾಲು ಮೂರ ದಿನಾ ಕೊಳೀತೈತಿ ನೋಡ್ರಿ," ಎಂದಳು ರಾಜೇಶ್ವರಿ, ಗಡಿಯಾರ ನೋಡುತ್ತಲೇ.

"ಮೂರಕ್ಕ ಅಲ್ಲವಾ, ಹನ್ನೆರಡಕ್ಕ ಕೊಡತೀನಿ," ಎಂದ ಅವನು. ಅವನ ಬಾಯಿ ಯಾವಾಗಲೂ ಕೈಗಿಂತ ಮುಂದೆ.

ಹಾಗೆಂದದ್ದೇ ತಡ, ಯಂತ್ರ ಮೊಂಡು ಹಿಡಿಯಿತು. ಡ್ರೈವರ್ ಕೂರಿಸಿದ. ಉಗ್ರಾಣದ ವಿಳಾಸ, ಹೆಸರು, ಗುಟ್ಟಿನ ಪದ ಎಲ್ಲ ತುಂಬಿ ಪರೀಕ್ಷೆಯ ಗುಂಡಿ ಒತ್ತಿದ. ಸಂಪರ್ಕ ಆಗಿದೆ ಎಂದು ಬಂತು. ಆದರೆ ಚೀಟಿ ಪ್ರೋಗ್ರಾಮು ಮಾತ್ರ ಯಾವ ಡ್ರೈವರೂ ಕಾಣುತ್ತಿಲ್ಲ ಎಂದಿತು. ಮತ್ತೆ ಒತ್ತಿದ, ಮತ್ತೆ ಅದೇ ಉತ್ತರ. ಅರ್ಧ ತಾಸು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಪ್ರೋಗ್ರಾಮು ಹಳೆಯ ಮೂವತ್ತೆರಡು ಬಿಟ್‌ನದು, ತಾನು ಕೂರಿಸಿದ್ದು ಅರವತ್ನಾಲ್ಕರದು. ಎರಡಕ್ಕೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಕೋಣೆ. ಈ ಕೋಣೆಯಲ್ಲಿಟ್ಟದ್ದು ಆ ಕೋಣೆಯವರಿಗೆ ಕಾಣದು. ಮೂವತ್ತೆರಡರದನ್ನು ಹುಡುಕಿ ತಂದು ಕೂರಿಸಿದ. ಕರ್‌ಕರ್ ಎಂದು ಚೀಟಿಗಳು ಹೊರಬಂದವು. ಹುಸೇನಮಿಯಾ ಗೆದ್ದವನಂತೆ ಮೊದಲ ಚೀಟಿಯನ್ನು ಹರಿದು, ಬಾಗಿಲ ಹತ್ತಿರ ಕೂತು ಹೆಣೆಯುತ್ತಿದ್ದ ಸಕ್ಕುಬಾಯಿಯ ಕೈಗಿಟ್ಟ.

ಈ ಸಕ್ಕುಬಾಯಿಯ ಮಾತು ಹೇಳಬೇಕು. ಅರವತ್ತು ದಾಟಿದ ಹೆಂಗಸು, ನಲವತ್ತು ವರ್ಷಗಳಿಂದ ವೇಣಿ ಹೆಣೆಯುತ್ತಿದ್ದಾಳೆ. ಅವಳು ಹೆಣೆದದ್ದು ಇಷ್ಟು ವರ್ಷ ಯಾವ ಯಾವುದೋ ಅಂಗಡಿಯ ಹೆಸರಿನಲ್ಲಿ ಎಲ್ಲೆಲ್ಲಿಗೋ ಹೋಯಿತು. ಅವಳಿಗೆ ಓದು ಬಾರದು. ಸಂಘ ಸೇರಿದ ವರ್ಷ ರಾಜೇಶ್ವರಿ ಅವಳಿಗೆ ಒಂದೇ ಒಂದು ಪದ ಕಲಿಸಿದ್ದಳು, ಅವಳ ಹೆಸರು. ಅದನ್ನು ಮಾತ್ರ ಅವಳು ಬರೆಯಬಲ್ಲಳು, ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲಳು. ಚಪ್ಪಲಿಯ ಮೇಲೆ ಹೆಸರು ಬರುತ್ತದೆ ಎಂದಾಗಿನಿಂದ ಓಣಿಯಲ್ಲೆಲ್ಲ ಸಾರಿಕೊಂಡು ಬಂದಿದ್ದಳು. ಇವತ್ತು ಹೊಸ ಸೀರೆ ಉಟ್ಟು ಕೆಲಸಕ್ಕೆ ಬಂದಿದ್ದಳು.

ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಬೆರಳಿಟ್ಟು ನೋಡಿದಳು. "ಹುಸೇನಭಾಯಿ, ಇದರಾಗ ನನ್ನ ಹೆಸರೆಲ್ಲಿ ಐತಿ? ಬರೇ ಕುಡಗೋಲ ಜೋತ ಬಿಟ್ಟಂಗ ಕಾಣತೈತಿ."

ಹುಸೇನಮಿಯಾ ಇಣುಕಿ ನೋಡಿದ. ಹೆಸರಿದ್ದ ಜಾಗದಲ್ಲಿ ಸಾಲಾಗಿ ಪ್ರಶ್ನೆಯ ಚಿಹ್ನೆಗಳು. ಮುಂದಿನ ಚೀಟಿ ನೋಡಿದ, ಅದರ ಮುಂದಿನದು ನೋಡಿದ. ನಲವತ್ತೆಂಟೂ ಚೀಟಿಗಳ ಮೇಲೆ ಕುಡಗೋಲು. ಅವನ ಮುಖ ಸಪ್ಪಗಾಯಿತು.

ರಾಜೇಶ್ವರಿ ಗಡಿಯಾರ ನೋಡಿದಳು. ಒಂದೂವರೆ. "ಕಾಕಾ, ಹೆಸರು ಇಂಗ್ಲಿಷ್‌ನಾಗ ಹೊಡದ ಬಿಡೂನು. ಈ ಸಲಕ್ಕ ಅಷ್ಟ."

"ಇಂಗ್ಲಿಷ್‌ನಾಗ ಇದ್ರ ಅದು ನನ್ನ ಹೆಸರೋ ನಮ್ಮ ಎಮ್ಮೀ ಹೆಸರೋ, ನನಗ ಹೆಂಗ ಗೊತ್ತಾಗಬೇಕ ಯವ್ವಾ?" ಎಂದಳು ಸಕ್ಕುಬಾಯಿ. ಜಗಳದ ದನಿಯಲ್ಲಿ ಅಲ್ಲ, ಸಣ್ಣ ದನಿಯಲ್ಲಿ. ಹಾಗೆಂದು ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟು ಮತ್ತೆ ಹೆಣೆಯತೊಡಗಿದಳು.

ಅವಳು ಕೂಗಾಡಿದ್ದರೆ ಹುಸೇನಮಿಯಾ ತಾಳಿಕೊಳ್ಳುತ್ತಿದ್ದ. ಆ ಸಣ್ಣ ದನಿಯನ್ನು ತಾಳಲಾಗಲಿಲ್ಲ. "ಅಕ್ಕಾ, ಮೂರರ ಒಳಗ ನಿನ್ನ ಹೆಸರ ಕನ್ನಡದಾಗ ಬರತೈತಿ. ಇಲ್ಲಂದ್ರ ನನ್ನ ಅಂಗಡಿ ಮುಚ್ಚಿ ನಿನ್ನ ಕೂಡ ವೇಣಿ ಹೆಣ್ಯಾಕ ಕುಂದರತೀನಿ," ಎಂದುಬಿಟ್ಟ. ಬಾಯಿ ಮತ್ತೆ ಮುಂದೆ ಓಡಿತ್ತು.

ಕೂತು ಯೋಚಿಸಿದ. ಉಗ್ರಾಣದ ಪುಟವನ್ನೇ ನೇರವಾಗಿ ತೆರೆದು ನೋಡಿದರೆ ಹೆಸರುಗಳೆಲ್ಲ ಕನ್ನಡದಲ್ಲಿ ಮುತ್ತಿನಂತೆ ಇವೆ. ಹಾಗಾದರೆ ಕೆಡುವುದು ಬರುವ ದಾರಿಯಲ್ಲಿ. ಡ್ರೈವರ್ ಇಳಿಸಿಕೊಂಡ ಪುಟಕ್ಕೆ ಮತ್ತೆ ಹೋದ. ಅಲ್ಲಿ ಅದೇ ಹೆಸರಿನ ಡ್ರೈವರು ಎರಡು ಬಗೆ ಇದ್ದವು. ಒಂದಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ತಿಳಿಯದು. ಗೊತ್ತಿಲ್ಲದ ಅಕ್ಷರ ಬಂದರೆ ಪ್ರಶ್ನೆ ಹಾಕಿ ಕೂರುತ್ತದೆ. ಇನ್ನೊಂದು ಯುನಿಕೋಡ್‌ನದು, ಎಲ್ಲ ಭಾಷೆಯ ಅಕ್ಷರವನ್ನೂ ಇದ್ದ ಹಾಗೆ ದಾಟಿಸುತ್ತದೆ. ಅವಸರದಲ್ಲಿ ಅವನು ಪಟ್ಟಿಯಲ್ಲಿ ಮೊದಲು ಕಂಡದ್ದನ್ನೇ ಎತ್ತಿಕೊಂಡಿದ್ದ. ತನ್ನನ್ನೇ ಎರಡು ಮಾತು ಬೈದುಕೊಂಡು ಹಳೆಯದನ್ನು ತೆಗೆದ, ಯುನಿಕೋಡ್‌ನದನ್ನು ಕೂರಿಸಿದ. ಹೊಸದಾಗಿ ಬರೆದ ಹೆಸರೂ ದಾಟಿ ಬರುತ್ತದೋ ನೋಡೋಣವೆಂದು, ಉಗ್ರಾಣದ ಪುಟದಲ್ಲಿ ಪರದೆಯ ಕೆಳತುದಿಗೆ ಕಾಣುತ್ತಿದ್ದ ಹನ್ನೆರಡನೇ ಸಾಲಿನಲ್ಲಿ ಸಕ್ಕುಬಾಯಿಯ ಹೆಸರು ಅಳಿಸಿ ತನ್ನ ಹೆಸರು ಬರೆದು, ಅದೊಂದನ್ನೇ ಮುದ್ರಿಸಿದ. ಚೀಟಿ ಹೊರಬಂತು: ಹೆಣೆದವರು, ಹುಸೇನಮಿಯಾ.

ಐವತ್ತೈದು ವರ್ಷದ ಗಂಡಸು ಆ ಚೀಟಿ ಹಿಡಿದು ಕುರ್ಚಿಯಲ್ಲಿ ಕುಣಿದ. ಅಷ್ಟರಲ್ಲಿ ಹೊರಗೆ ಲಖನ ಹಾರ್ನು ಒತ್ತಿದ. ಹುಸೇನಮಿಯಾ ಎಲ್ಲ ಚೀಟಿಗಳನ್ನೂ ಒಟ್ಟಿಗೇ ಮುದ್ರಿಸಲು ಹಚ್ಚಿದ. ರಾಜೇಶ್ವರಿ, ಲಖನ ಇಬ್ಬರೂ ಜೋಡಿಯ ನಂಬರು ನೋಡಿ ನೋಡಿ ಓಡುತ್ತ ಕಟ್ಟಿ, ಡಬ್ಬಿಗಳಿಗೆ ತುಂಬಿದರು. ಸಕ್ಕುಬಾಯಿ ಮಾತ್ರ ಒಂದು ಚೀಟಿ ಹಿಡಿದು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೂತೇ ಇದ್ದಳು. "ಇದು ನಾನ," ಎಂದಳು. ಅದನ್ನೂ ರಾಜೇಶ್ವರಿ ಕಸಿದುಕೊಂಡು ಕಟ್ಟಬೇಕಾಯಿತು. ಮೂರೂ ಹತ್ತಕ್ಕೆ ಟೆಂಪೋ ಹೊರಟಿತು.

ಹುಸೇನಮಿಯಾ ಮನೆಗೆ ಬಂದು ಉಂಡ, ಚಹಾ ಕುಡಿದ, ಇಪ್ಪತ್ತನೇ ನೋಟುಬುಕ್ಕು ತೆರೆದು ಬರೆಯಲು ಕೂತ. ಒಂದು, ಎರಡು, ಮೂರು ಎಂದು ಬರೆಯುತ್ತ ಬಂದ. ಏಳು: ಹನ್ನೆರಡನೇ ಸಾಲಿಗೆ ನನ್ನ ಹೆಸರು ಹಾಕಿ ನೋಡಿದೆ. ಎಂಟು: ಎಲ್ಲವನ್ನೂ ಮುದ್ರಿಸಿದೆ. ಪೆನ್ನು ನಿಂತಿತು. ಏಳಕ್ಕೂ ಎಂಟಕ್ಕೂ ನಡುವೆ ಒಂದು ಕೆಲಸ ಇರಬೇಕಿತ್ತು, ಅದು ಇರಲಿಲ್ಲ. 

"ಸಕ್ಕುಬಾಯಿ ಚಪ್ಪಲಿ ಮ್ಯಾಲ ನನ್ನ ಹೆಸರ ಹೋಗೇತಿ," ಎಂದ.

"ಒಂದ ಜೋಡಿ ಹೌದಲ್ರಿ? ಯಾರಿಗೆ ಗೊತ್ತಾಗತೈತಿ?" ಎಂದಳು ಕುಲಸುಂಬಿ.

"ನಲವತ್ತ ವರ್ಷ ಆಕಿ ಕೆಲಸಾ ಮಂದಿ ಹೆಸರಿನ್ಯಾಗ ಹೋತು. ಇವತ್ತ ಮೊದಲನೇ ಸಲ ಆಕಿ ಹೆಸರ ಬಂದೇತಿ. ಅದರಾಗೂ ನಾ ಹೋಗಿ ಕುಂತೀನಲ್ಲ ಬೇ."

ಕುಲಸುಂಬಿ ಗೂಟದಿಂದ ಸ್ಕೂಟರಿನ ಕೀಲಿ ತೆಗೆದು ಅವನ ಕೈಗಿಟ್ಟಳು.

ಸಂಘಕ್ಕೆ ಹೋದವನೇ ಮೊದಲು ಹನ್ನೆರಡನೇ ಸಾಲು ತಿದ್ದಿ ಹೊಸ ಚೀಟಿ ಮುದ್ರಿಸಿದ. ರಾಜೇಶ್ವರಿ ಲಖನನಿಗೆ ಫೋನು ಮಾಡಿದಳು. ಅವನು ಶೇಡಬಾಳದ ಹತ್ತಿರ ಇದ್ದ, ಕಾಗವಾಡದಲ್ಲಿ ಚಹಾಕ್ಕೆ ನಿಲ್ಲುತ್ತೇನೆ, ಕಾಯುತ್ತೇನೆ ಎಂದ. ಸಕ್ಕುಬಾಯಿಗೆ ತಪ್ಪು ಒಪ್ಪಿಕೊಳ್ಳುವಾಗ ಹುಸೇನಮಿಯಾನಿಗೆ ತಲೆ ಎತ್ತಲಾಗಲಿಲ್ಲ. ಅವಳು ಪೂರ್ತಿ ಕೇಳಿದಳು. ಕೈಯಲ್ಲಿದ್ದ ಎಳೆಗಳನ್ನು ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಡಿ ತಮ್ಮಾ, ನಾನೂ ಬರ್ತೀನಿ."

"ಸ್ಕೂಟರ್ ಮ್ಯಾಲ ಹೆಂಗ ಬರ್ತಿ ಅಕ್ಕಾ? ರಸ್ತಾ ಛಲೋ ಇಲ್ಲ."

"ನನ್ನ ಹೆಸರ ಅಲ್ಲೀತನಕ ಹೋಗೇತಿ, ನಾ ಹೋಗಾಕ ಏನ ಧಾಡಿ?"

ಹೀಗೆ ಆ ಸಂಜೆ ಅಥಣಿಯಿಂದ ಕಾಗವಾಡದ ರಸ್ತೆಯಲ್ಲಿ ಹಳೆಯ ಸ್ಕೂಟರೊಂದು ಕಬ್ಬಿನ ಟ್ರ್ಯಾಕ್ಟರುಗಳ ಸಂದಿಯಲ್ಲಿ ನುಸುಳುತ್ತ ಹೋಯಿತು. ಹಿಂದೆ ಕೂತ ಸಕ್ಕುಬಾಯಿ ಒಂದು ಕೈಯಲ್ಲಿ ಅವನ ಅಂಗಿ, ಇನ್ನೊಂದರಲ್ಲಿ ಚೀಟಿ ಹಿಡಿದಿದ್ದಳು. ತಗ್ಗು ಬಂದಾಗಲೆಲ್ಲ ಅವನಿಗೆ ಬೈದಳು, ತಗ್ಗು ದಾಟಿದ ಮೇಲೆ ನಕ್ಕಳು. ಹುಟ್ಟಿದಾಗಿನಿಂದ ಇದೇ ಮೊದಲು ಸ್ಕೂಟರ್ ಏರಿದ್ದು ಎಂದು ಅರ್ಧ ದಾರಿಯಲ್ಲಿ ಹೇಳಿದಳು. ಅದನ್ನು ಕೇಳಿ ಹುಸೇನಮಿಯಾ ಇನ್ನಷ್ಟು ಸಾವಕಾಶ ಓಡಿಸಿದ.

ಕಾಗವಾಡದಲ್ಲಿ ಲಖನ ಟೆಂಪೋದ ಹಿಂಬಾಗಿಲು ತೆರೆದಿಟ್ಟುಕೊಂಡು ಮೂರನೇ ಚಹಾ ಕುಡಿಯುತ್ತಿದ್ದ. ಡಬ್ಬಿಗಳ ಮೇಲೆ ನಂಬರು ಬರೆದಿರಲಿಲ್ಲ. ಹುಸೇನಮಿಯಾ ಕನ್ನಡಕ ಏರಿಸಿಕೊಂಡು ಒಂದೊಂದೇ ಡಬ್ಬಿ ಬಿಚ್ಚಿ ಚೀಟಿ ಓದತೊಡಗಿದ. ಸಕ್ಕುಬಾಯಿ ಓದುವ ಗೋಜಿಗೆ ಹೋಗಲಿಲ್ಲ. ಡಬ್ಬಿಯೊಳಗೆ ಕೈ ಹಾಕಿ ವೇಣಿ ಮುಟ್ಟುವುದು, ಮುಂದಿನ ಡಬ್ಬಿಗೆ ಹೋಗುವುದು. "ಇದು ಮಂಗಲಂದು. ಇದೂ ಆಕೀದ. ಇದು ಅನುಸೂಯಾಂದು, ಎಳಿ ಬಿಗಿ ಮಾಡತಾಳ ಆಕಿ. ಇದು ನಂದು." ತನ್ನವನ್ನು ಮಾತ್ರ ಬದಿಗೆ ತೆಗೆದಿಟ್ಟಳು. ತಾನು ಹೆಣೆದ ಹನ್ನೆರಡೂ ಡಬ್ಬಿ ಸಿಕ್ಕಾಗ ನಿಂತಳು. ಅವುಗಳಲ್ಲಿ ಹನ್ನೊಂದಕ್ಕೆ ಅವಳ ಹೆಸರಿತ್ತು, ಒಂದಕ್ಕೆ ಅವನದು.

ಹುಸೇನಮಿಯಾ ಬೆಪ್ಪಾಗಿ ನೋಡಿದ. "ಅಕ್ಕಾ, ನಿನಗ ಮುಟ್ಟಿದ್ರ ಗೊತ್ತಾಗತೈತಿ ಅಂದ್ರ, ಚೀಟಿ ಯಾಕ ಬೇಕಾಗಿತ್ತ?"

"ನನಗ ಗೊತ್ತೈತಿ ತಮ್ಮಾ. ಹಾಕ್ಕೊಂಡ ಅಡ್ಡಾಡಾವ್ರಿಗೆ ಗೊತ್ತಿಲ್ಲಲ್ಲ," ಎಂದಳು ಸಕ್ಕುಬಾಯಿ.

ಅವನ ಹೆಸರಿನ ಚೀಟಿ ಬಿಚ್ಚಿ, ತನ್ನದನ್ನು ತಾನೇ ಕಟ್ಟಿ ಎರಡು ಗಂಟು ಹಾಕಿದಳು. ಹುಸೇನಮಿಯಾ ತನ್ನ ಚೀಟಿ ಹರಿದೊಗೆಯಲು ಕೈ ಚಾಚಿದ. ಅವಳು ಕೊಡಲಿಲ್ಲ. ಎಲೆಯಡಿಕೆ ಸಂಚಿಯೊಳಗೆ ಅದನ್ನು ಹಾಕಿಕೊಂಡು, "ವೇಣಿ ಹೆಣ್ಯಾಕ ಕುಂದರತೀನಿ ಅಂದಿದ್ದಿ ಹೌದಲ್ಲ?" ಎಂದಳು.

"ಅದು ಮೂರರ ಒಳಗ ಹೆಸರ ಬರಲಿಲ್ಲ ಅಂದ್ರ ಅಂದಿದ್ದೆ."

"ಹನ್ನೆರಡನೇದು ಎಷ್ಟಕ್ಕ ಬಂತು ಈಗ?"

ಲಖನ ಮೊಬೈಲ್ ನೋಡಿ, ಐದೂವರೆ ಎಂದ. ಅವನನ್ನು ಕೇಳಿದವರು ಯಾರೂ ಇರಲಿಲ್ಲ.

ಅಂದಿನಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ ಹುಸೇನಮಿಯಾ ಸಂಘಕ್ಕೆ ಹೋಗುತ್ತಾನೆ. ಕಂಪ್ಯೂಟರ್ ಹೇಗಿದೆ ನೋಡಲು ಎನ್ನುತ್ತಾನೆ, ಆದರೆ ಕೂರುವುದು ಸಕ್ಕುಬಾಯಿಯ ಪಕ್ಕದಲ್ಲಿ. ರೇಡಿಯೊದ ಕೂದಲೆಳೆಯಂಥ ತಂತಿಗಳನ್ನು ಬೆಸೆದ ಬೆರಳುಗಳಿಗೆ ಆ ತೊಗಲಿನ ಎಳೆಗಳು ಮೂರು ತಿಂಗಳು ದಕ್ಕಲಿಲ್ಲ. ಅವಳು ಬಿಚ್ಚಿಸಿದಳು, ಮತ್ತೆ ಹೆಣೆಸಿದಳು, ಬಾಯ್ತುಂಬ ಬೈದಳು. ಕಡೆಗೆ ಒಂದು ಜೋಡಿ ಆಯಿತು. ಎಡಗಾಲಿನದು ಪರವಾಗಿಲ್ಲ, ಬಲಗಾಲಿನದು ಒಂದು ಕಡೆಗೆ ವಾಲಿತ್ತು. ಸಕ್ಕುಬಾಯಿ ಅದನ್ನು ಮುಟ್ಟಿ ಮುಟ್ಟಿ ನೋಡಿ, ಸಂಚಿಯಿಂದ ಸುಣ್ಣದ ಕಲೆಯಾದ ಹಳೆಯ ಚೀಟಿ ತೆಗೆದು ಕಟ್ಟಿದಳು.

"ಈಗ ಖರೇ ಆತು ನೋಡು," ಎಂದಳು.

ಹುಸೇನಮಿಯಾ ಆ ಚಪ್ಪಲಿ ಮೆಟ್ಟಿಕೊಂಡೇ ಮನೆಗೆ ನಡೆದ. ಚೀಟಿ ಬಿಚ್ಚಲಿಲ್ಲ. ಓಣಿಯಲ್ಲಿ ಮೂವರು ಅದೇನೆಂದು ಕೇಳಿದರು, ಮೂವರಿಗೂ ಕಾಲೆತ್ತಿ ತೋರಿಸಿ ಓದಿ ಹೇಳಿದ.